ಸಾಧ್ಯವಿದ್ದಲ್ಲಿ

ಹೋದ ವಾರ ಕಾಕ್ಸ್ ಟೌನಿನಲ್ಲಿ ನಡೆದು ಹೋಗುವಾಗ ಒದ್ದೆ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ಗಾರೆಯವರು ನಿಂತು ಕೆಲಸ ಮಾಡಲು ಕಂಬ, ಹಲಗೆ ಸೇರಿಸಿ ಸಾರುವೆ ಕಟ್ಟಿದ್ದರು. ನನ್ನ ಕತ್ತು ತಾನಾಗಿ ಮೇಲೆದ್ದಿತು. ಈ ಚಾಳಿ ಸಿಸ್ಟರ್ ಅಂಟಿಸಿ ಹೋದದ್ದು...

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಇಡೀ ಬೀದಿಗೇ ಸಿಸ್ಟರ್. ಎಲ್ಲಿ ಕಟ್ಟಡ ಏಳುತ್ತಿದ್ದರೂ ನಿಂತು ಮೇಲೆ ನೋಡುವರು. ಬೇಕರಿಯವನು ರೇಗಿಸುತ್ತಿದ್ದ: "ಏನ್ ಸಿಸ್ಟರ್, ಮಳೆ ಬೀಳುತ್ತಾ?" ಅವರೂ ಬಿಡುತ್ತಿರಲಿಲ್ಲ: "ಬೀಳೋದು ಮಳೆ ಅಲ್ಲಪ್ಪಾ, ಮನುಷ್ಯರು."

ಕಟ್ಟಡ ಕೂಲಿಕಾರರ ಸುರಕ್ಷತೆಗೆ ನಿಯಮ ಸೂಚಿಸಲು ಸರ್ಕಾರ ಸಲಹಾ ಸಮಿತಿಯೊಂದನ್ನು ಮಾಡಿದಾಗ, ಬಿದ್ದು ಬಂದ ಕೂಲಿಕಾರರನ್ನು ವರ್ಷಗಟ್ಟಲೆ ಆರೈಕೆ ಮಾಡಿದವರೆಂದು ಅವರನ್ನೂ ಸೇರಿಸಿಕೊಂಡಿತು. ಸಮಿತಿ ಎಂದರೆ ಗೋಡಂಬಿ ತಿಂದು ಸಹಿ ಹಾಕುವ ಜಾಗ ಎಂದುಕೊಂಡಿದ್ದ ನನಗೆ ಕುತೂಹಲವೋ ಕುತೂಹಲ. ಅವರು ಸಭೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೆಳಗಿಳಿದಿರುತ್ತಿದ್ದೆ. ಒಂದು ಕಡೆ ಮಾಲೀಕರ ಪರದವರು, ಇನ್ನೊಂದು ಕಡೆ ಕೂಲಿಕಾರರ ಪರದವರು, ನಡುವೆ ಅಧಿಕಾರಿಗಳು... ಸಂಜೆಯವರೆಗೂ ಒಂದೇ ವಾಕ್ಯದ ಮೇಲೆ ಜಗಳವಂತೆ. "ಆರ್ಡರ್ ಮಾಡೋ ಅಧಿಕಾರ ನಮಗಿಲ್ಲಮ್ಮಾ. ಹೇಳ್ಬೋದು, ಅಷ್ಟೇ. ಅದಕ್ಕೇ ಸರಿಯಾಗಿ ಹೇಳ್ಬೇಕು."

ಸಾರುವೆಯ ಹಲಗೆಗೆ ಸೊಂಟದೆತ್ತರದ ಅಡ್ಡಗಂಬಿ ಇರಬೇಕು ಎಂಬುದೇ ಆ ವಾಕ್ಯ. ಮಾಲೀಕರ ಪರ ಬಂದಿದ್ದ ಗುತ್ತಿಗೆದಾರರೊಬ್ಬರು ಅದಕ್ಕೆ ‘ಸಾಧ್ಯವಿದ್ದಲ್ಲಿ’ ಎಂದು ಸೇರಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ಅಂದು ಸಿಸ್ಟರ್ ಕಾಫಿ ಲೋಟ ಕುಕ್ಕಿದ್ದು ನೆನಪಿದೆ. "ಬೀಳೋನು ಸಾಧ್ಯವಿದ್ದಲ್ಲಿ ಬೀಳ್ತಾನೇನಮ್ಮಾ? ಆ ಪದ ಉಳ್ಕೊಂಡ್ರೆ ಕಂಬಿ ಎಲ್ಲೂ ಇರಲ್ಲ."

ಆಮೇಲೆ ಸಮಿತಿಯವರೆಲ್ಲ ಕೆ.ಆರ್. ಪುರದ ಕಡೆ ಒಂದು ಕಟ್ಟಡ ನೋಡಲು ಹೋದರು. ಗುತ್ತಿಗೆದಾರರು ತಾವೇ ಮುಂದಾಗಿ ಕಂಬಿಯಿಲ್ಲದ ಸಾರುವೆ ಹತ್ತಿದರಂತೆ. ನಾಲ್ಕು ಹೆಜ್ಜೆ ಇಟ್ಟಿರಬೇಕು... ಹಲಗೆ ತೂಗಾಡಿತು, ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಗಾರೆಯವನೊಬ್ಬ ತೋಳು ಹಿಡಿದು ಇಳಿಸಿದ.

"ನೀವೇನಂದ್ರಿ?" ಎಂದೆ.

"ನಾನ್ಯಾಕೆ ಅನ್ಲಿ? ಅವರ ಕೈನೇ ಹೇಳ್ತಲ್ಲ!"

ಮುಂದಿನ ಸಭೆಯಲ್ಲಿ ಆ ಪದ ತೆಗೆಯಿರಿ ಎಂದವರು ಆ ಗುತ್ತಿಗೆದಾರರೇ. ಸಿಸ್ಟರ್ ಬೀದಿಗೆಲ್ಲ ದಿಲ್‌ಪಸಂದ್ ಹಂಚಿದರು. ಬೇಕರಿಯವನಿಗೂ ಒಂದು ತುಂಡು.

ಶಿಫಾರಸು ಸರ್ಕಾರಕ್ಕೆ ಹೋಯಿತು. ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ... ಸರ್ಕಾರದ ಕೆಲಸ ದೇವರ ಕೆಲಸ ಎಂದು ನಗುತ್ತಲೇ ಅವರು ಕಾದರು. ನಾವು ಕಮ್ಮನಹಳ್ಳಿಗೆ ಮನೆ ಬದಲಿಸಿದೆವು. ನಿಯಮ ಬಂತೇ, ಆ ಪದ ಅದರೊಳಗೆ ಮತ್ತೆ ನುಸುಳಿತೇ ಎಂದು ನಾನು ಕೇಳುವಷ್ಟರಲ್ಲಿ ಸಿಸ್ಟರ್ ತೀರಿಕೊಂಡಿದ್ದರು.

ಹೋದ ವಾರ ನಾನು ಕಂಡ ಸಾರುವೆ ಅವರ ಮನೆಯಿದ್ದ ಜಾಗದಲ್ಲೇ ಎದ್ದಿತ್ತು. ಅಲ್ಲೀಗ ಫ್ಲಾಟ್ ಬರುತ್ತಿದೆ. ಮೂರು ಕಡೆ ಅಡ್ಡಗಂಬಿ ಇತ್ತು. ಖುಷಿಗೆ ಕಣ್ಣು ತುಂಬಿ ಬಂತು. ಹಿಂದಿನ ಗೋಡೆಯ ಕಡೆ ಮಾತ್ರ ಇರಲಿಲ್ಲ. ಯಾಕೆಂದು ಮೇಸ್ತ್ರಿಯನ್ನು ಕೇಳಿದೆ.

"ಆ ಕಡೆ ಸಾಧ್ಯ ಇಲ್ಲ ಮೇಡಂ."

ಸಿಸ್ಟರ್ ಇರಬೇಕಿತ್ತು. ಮೇಲೆ ಹೆಂಗಸೊಬ್ಬಳು ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊತ್ತು ಆ ಕಡೆಗೇ ತಿರುಗಿದಳು.

"ಹಾಗಾದ್ರೆ ಬನ್ನಿ, ನೀವೂ ನಾನೂ ಆ ಕಡೆ ಒಂದ್ಸಲ ನಡೆದು ಬರೋಣ" ಎಂದೆ.

ಮೇಸ್ತ್ರಿ ಕತ್ತೆತ್ತಿ ನೋಡಿದ. ಹತ್ತಲಿಲ್ಲ.