ಮೂಡ್ಲಗಿರಿ ಹೊಲಿದ ಜೇಬು

ಕರೆಂಟು ಹೋಗಬಹುದಿತ್ತು. ದೊಡ್ಡ ಲೈಟುಗಳ ಬಿಸಿಗೆ ಬಟ್ಟೆಯ ಕಟ್ಟುಗಳಿಗೆ ಬೆಂಕಿ ಹತ್ತಬಹುದಿತ್ತು. ಕ್ಯಾಮೆರಾ ತಿರುಗಿದ ಹೊತ್ತಿಗೇ ನನಗೆ ಸೀನು ಬರಬಹುದಿತ್ತು. ಮೂಡ್ಲಗಿರಿಗೆ ನನ್ನ ಗುರುತೇ ಸಿಗದೆ ಹೋಗಬಹುದಿತ್ತು. ಇಲ್ಲವೇ ಗುರುತು ಸಿಕ್ಕು, ಅವನು ನಿಜ ಹೇಳಿಬಿಡಬಹುದಿತ್ತು. ಹಿಂದಿನ ದಿನದಿಂದ ನಾನು ಹೆದರಿದ್ದು ಈ ಕಡೆಯದಕ್ಕೆ.

ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ರಾಯದುರ್ಗದಲ್ಲಿ ನಾನು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವ ಶೆಡ್ಡಿನಲ್ಲಿ ಒಂದು ತೆಲುಗು ಧಾರಾವಾಹಿಯ ಶೂಟಿಂಗ್ ಇತ್ತು. ಅದರಲ್ಲಿ ಗಾರ್ಮೆಂಟ್ಸ್ ಮಾಲೀಕನ ಪಾತ್ರ ಮೂಡ್ಲಗಿರಿಯದು. ಮಡಕಶಿರಾ ಕಡೆಯ ಅಗಳಿಯವನು. ಕನ್ನಡದಲ್ಲಿ ಜಡ್ಜ್, ತೆಲುಗಿನಲ್ಲಿ ಕಳ್ಳ, ಒಂದು ಸಿನಿಮಾದಲ್ಲಿ ಪೂಜಾರಿ, ಇನ್ನೊಂದರಲ್ಲಿ ಬರೀ ಹೆಣ, ಟೀವಿಯಲ್ಲಿ ಮೂರು ಮನೆಗೆ ಮಾವ. ಯಾವ ವೇಷ ಕೊಟ್ಟರೂ ಅದೇ ಆಗಿಬಿಡುವವನು.

ಹರೆಯದಲ್ಲಿ ನಾವಿಬ್ಬರೂ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕದ ಮಷಿನ್ನಿನವರು, ಒಂದೇ ರೂಮಿನವರು. ಕೆಲಸ ಬಿಟ್ಟು ನಾಟಕದ ತಂಡ ಸೇರುತ್ತೇನೆ ಎಂದು ಅವನು ಅಂದಾಗ, "ಹುಚ್ಚು ಹಿಡಿದೈತೇನಲೇ, ಉಪವಾಸ ಸಾಯ್ತಿ" ಎಂದು ಅವನ ಬ್ಯಾಗನ್ನೇ ಬಚ್ಚಿಟ್ಟವನು ನಾನು. ಊರಿಗೆ ವಾಪಸಾದ ಮೇಲೆ ಶೆಡ್ಡಿನವರಿಗೆ ಹೇಳಿಕೊಂಡದ್ದು ಬೇರೆ: ನಾನೇ ಧೈರ್ಯ ಹೇಳಿ ಕಳಿಸಿದೆ ಅಂತ. ನನಗೆ ಅಲ್ಲಿ ಇದ್ದ ಮರ್ಯಾದೆಯೆಲ್ಲ ಆ ಒಂದು ಸುಳ್ಳಿನದು.

ಕಾರಿನಿಂದ ಇಳಿದವನು ಮಷಿನ್ನುಗಳ ಸಾಲು ನೋಡುತ್ತಾ ಬಂದು ನನ್ನ ಮುಂದೆ ನಿಂತ.

"ಲೇ ಬಸಣ್ಣ, ಇನ್ನೂ ಜೇಬೇ ಹೊಲೀತಿದೀಯೇನೋ?"

"ನೀ ಇನ್ನೂ ವೇಷ ಹಾಕ್ತೀಯಲ್ಲ, ಹಂಗ" ಅಂದೆ.

ಪಕ್ಕದ ಮಷಿನ್ನಿನ ಗಂಗಮ್ಮ ಸುಮ್ಮನಿರುವವಳಲ್ಲ. "ಸರ್, ನಿಮ್ಮನ್ನ ಸಿನಿಮಾಕ್ಕ ಕಳಿಸಿದವ್ರು ಇವ್ರ ಅಂತಲ್ರಿ. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಾವ. ಖರೇ ಏನ್ರಿ?"

ಮೂಡ್ಲಗಿರಿ ನನ್ನ ಮುಖ ನೋಡಿದ. ನಾನು ಸೂಜಿ ನೋಡಿದೆ.

"ಇವನೇ ಕಣಮ್ಮ. ನಾನು ಹೋಗಲ್ಲ ಅಂತಿದ್ದೆ. ಬ್ಯಾಗು ತುಂಬಿ ಕೈಗೆ ಕೊಟ್ಟು ದಬ್ಬಿದ."

ಅವನ ದನಿ ನಡುಗಿತು, ಕಣ್ಣು ಒದ್ದೆಯಾಯಿತು. ಒಂದು ಗಳಿಗೆ ನಾನೇ ನಂಬಿಬಿಟ್ಟೆ. ಅವನ ಇಷ್ಟು ಒಳ್ಳೆಯ ಪಾತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಶೂಟಿಂಗ್ ಮುಗಿದು ಹೊರಡುವ ಮುಂಚೆ "ಏಳೋ, ಒಂದು ಜೇಬು ಹೊಲೀತೀನಿ" ಎಂದು ನನ್ನ ಜಾಗದಲ್ಲಿ ಕೂತ. ಹೊಲಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾರು ಹೋಯಿತು. ಕರೆಂಟು ಹೋಗಿರಲಿಲ್ಲ, ಬೆಂಕಿ ಹತ್ತಿರಲಿಲ್ಲ. ಪ್ಯಾಂಟು ಎತ್ತಿ ನೋಡಿದೆ. ಜೇಬು ಅರ್ಧ ಬೆರಳಿನಷ್ಟು ಸೊಟ್ಟ. ಬೆಂಗಳೂರಿನಲ್ಲಿದ್ದಾಗ ನಮ್ಮಿಬ್ಬರಲ್ಲಿ ನೇರ ಹೊಲಿಗೆ ಅವನದೇ ಆಗಿತ್ತು. ಅವನ ಕೈ ಈ ಕೆಲಸ ಮರೆತಿದೆ. ನನ್ನ ಕೈಗೆ ಮರೆಯಲು ಪುರುಸೊತ್ತೇ ಸಿಕ್ಕಿಲ್ಲ.

"ಹಂಗ ಇಟ್ಕೋರಿ, ನೆನಪಿಗೆ" ಅಂದಳು ಗಂಗಮ್ಮ. ಮೇಸ್ತ್ರಿ ಬೈದರೆ ಎಂಬ ಭಯ ನನಗೆ. ದಾರ ಬಿಚ್ಚಿ, ನೇರ ಹೊಲಿದು, ಉಳಿದ ಪ್ಯಾಂಟುಗಳ ಕಟ್ಟಿಗೆ ಸೇರಿಸಿದೆ. ಆ ದಿನ ಕೆಟ್ಟದ್ದು ಅದೊಂದೇ. ಅದನ್ನೂ ಸರಿ ಮಾಡಿಬಿಟ್ಟೆ.