ನಾನು ಕಾಯ್ದ ಮಿರಜ ರೂಟು

ಮೊನ್ನೆ ಸಂಜೆ ಚಿಕ್ಕೋಡಿ ಸ್ಟ್ಯಾಂಡಿನ ಎದುರು ಭಡಂಗ ಕೊಂಡೆ. ಖಾರದ ಆ ಚುರಮುರಿ ಮುಗಿದ ಮೇಲೆ ಅದನ್ನು ಕಟ್ಟಿಕೊಟ್ಟ ಕಾಗದ ಓದುವುದು ನನ್ನ ಹಳೆಯ ಚಟ. ದುಡ್ಡು ಕೊಟ್ಟು ಕೊಂಡ ಪೇಪರನ್ನು ಇಷ್ಟು ಶ್ರದ್ಧೆಯಿಂದ ಓದುವುದಿಲ್ಲ. ಎಣ್ಣೆಯ ಕಲೆಗಳ ನಡುವೆ ಒಂದು ಸುದ್ದಿ: ವಿಮಾನದ ಪೈಲಟ್ಟರ ಯೂನಿಯನ್ನಿನವರು ಸಿಟ್ಟಾಗಿದ್ದಾರೆ. ಕಂಪನಿ ಹೊರಗಿನವರ ವಿಮಾನವನ್ನೂ ಹೊರಗಿನ ಪೈಲಟ್ಟರನ್ನೂ ಬಾಡಿಗೆಗೆ ತರುತ್ತಿದೆ, ನಮ್ಮ ನೌಕರಿಯ ಗತಿ ಏನು ಎಂದು ಕೇಳುತ್ತಿದ್ದಾರೆ. ನಿಮಗೆ ನಗು ಬಂದೀತು, ನಾನು ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಇದೇ ಭಾಷಣವನ್ನು ನಾನೂ ಮಾಡಿದವನು. ನನ್ನ ವಿಮಾನಕ್ಕೆ ಆರು ಗಾಲಿ ಇದ್ದವು, ಅದು ನೆಲ ಬಿಟ್ಟು ಏಳುತ್ತಿದ್ದುದು ಕಾಗವಾಡದ ಹತ್ತಿರದ ಗುಂಡಿಗಳಲ್ಲಿ ಮಾತ್ರ.

ನಾನು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದೆ. ಎಂಬತ್ತರ ದಶಕದಿಂದ ಚಿಕ್ಕೋಡಿ–ಮಿರಜ ರೂಟು ನನ್ನದು. ಅಂಕಲಿ, ಕೃಷ್ಣೆ ದಾಟಿ ಕಾಗವಾಡದ ಮೇಲೆ ಮಿರಜಕ್ಕೆ. ನನ್ನದು, ನನ್ನದು ಎಂದು ಎಷ್ಟು ಹೇಳುತ್ತಿದ್ದೆನೆಂದರೆ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು, "ಹೊಲದಂಗ ಆ ರಸ್ತೆದ ಉತಾರನೂ ನಿಮ್ಮ ಹೆಸರಲೆ ಬಂದೈತೇನ್ರಿ?" ಮೇಲಾಗಿ ನಾನು ಡಿಪೋದ ಯೂನಿಯನ್ ಕಾರ್ಯದರ್ಶಿ. ಅಂದರೆ ಮನೆಯಲ್ಲಿ ಆಡಲಾಗದ ಮಾತನ್ನು ಗೇಟಿನಲ್ಲಿ ಆಡುವವನು.

ತೊಂಬತ್ತರ ದಶಕದ ನಡುವೆ ಬಾಡಿಗೆ ಬಸ್ಸುಗಳು ಬರುವ ಸುದ್ದಿ ಬಂತು. ಬಸ್ಸು ಖಾಸಗಿ ಮಾಲೀಕನದು, ಡ್ರೈವರ್ ಅವನ ಆಳು, ಕಂಡಕ್ಟರ್ ಮಾತ್ರ ನಮ್ಮವನು. ಮೊದಲ ಪೆಟ್ಟು ಬೀಳುವುದು ಬಸಪ್ಪನಂಥವರಿಗೆ. ಬಸಪ್ಪ ಅಂಕಲಿಯ ಕುರಿ ಕಾಯುವ ಮನೆತನದವನು, ನಮ್ಮಲ್ಲಿ ಬದಲಿ ಡ್ರೈವರ್. ಯಾರಾದರೂ ರಜೆ ಹಾಕಿದ ದಿನ ಅವನಿಗೆ ಸ್ಟೇರಿಂಗ್, ಇಲ್ಲದಿದ್ದರೆ ಇಲ್ಲ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಡಿಪೋದ ಬಾಗಿಲಲ್ಲಿ ಕೂತಿರುತ್ತಿದ್ದ, ಇಂದಲ್ಲ ನಾಳೆ ಖಾಯಂ ಆದೇನೆಂದು. ಬಾಡಿಗೆ ಬಸ್ಸು ಬಂದರೆ ಆ ಆಸೆ ಅಲ್ಲಿಗೆ ಮುಗಿಯಿತು.

ನಮ್ಮಲ್ಲೊಂದು ಪದ್ಧತಿ ಇತ್ತು. ಹೊಸ ರೂಟಿಗೆ ಹೋಗುವವನು ಮೊದಲು ಹಳೆಯ ಡ್ರೈವರನ ಪಕ್ಕದಲ್ಲಿ ಕೂತು ನಾಲ್ಕು ಸಲ ಹೋಗಿಬರಬೇಕು. ಅದಕ್ಕೆ ರೂಟ್ ತೋರಿಸುವುದು ಎನ್ನುತ್ತಿದ್ದೆವು. ನಾನು ಗೇಟ್ ಸಭೆಯಲ್ಲಿ ಕುರ್ಚಿ ಹತ್ತಿ ಸಾರಿದೆ: "ಬಾಡಿಗಿ ಡ್ರೈವರಗ ಯಾರೂ ರೂಟ್ ತೋರಸಬಾರ್ದು. ಕಬ್ಬಿನ ಸೀಜನ್ನಾಗ ಒಂದ ವಾರ ಒದ್ದಾಡ್ಲಿ, ಮಾಲಕ ತಾನ ಬಸ್ ಹೊಳ್ಳಿ ಒಯ್ತಾನ." ಠರಾವು ಪಾಸಾಯಿತು, ಚಪ್ಪಾಳೆ ಬಿತ್ತು, ಬಸಪ್ಪನದೇ ಜೋರು. ಕುರ್ಚಿಯ ಒಂದು ಕಾಲು ಸಡಿಲವಾಗಿತ್ತು, ಆದರೂ ನಾನು ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು.

ಬಾಡಿಗೆ ಡ್ರೈವರ್ ಬಂದ. ಹೆಸರು ಮಾರುತಿ, ನಿಪ್ಪಾಣಿ ಕಡೆ ತಂಬಾಕಿನ ಲಾರಿ ಹೊಡೆದವನು. ಎರಡು ದಿನ ಯಾರೂ ಅವನ ಮುಖ ನೋಡಲಿಲ್ಲ. ಮೂರನೆಯ ದಿನ ಕ್ಯಾಂಟೀನಿನಲ್ಲಿ ನನ್ನ ಬೆನ್ನ ಹಿಂದೆಯೇ ಕೂತು ತನ್ನ ಕಂಡಕ್ಟರನಿಗೆ ಹೇಳುತ್ತಿದ್ದ: "ಅಂಕಲಿ ದಾಟಿದ ಮ್ಯಾಲ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದ್ರ ಎಡಕ್ಕ ಇಳಿಸಿ ನಿಂತ್ರ ಆತು. ಅದರಾಗೇನೈತಿ."

ಎಡಕ್ಕೆ ಇಳಿಸುವುದಂತೆ. ಅಲ್ಲಿ ಎಡಕ್ಕಿರುವುದು ಎರೆಮಣ್ಣು. ನನ್ನ ಮೈಯೆಲ್ಲ ಉರಿಯಿತು. ಠರಾವು, ಭಾಷಣ ಎಲ್ಲ ಮರೆತು ಕುರ್ಚಿ ತಿರುಗಿಸಿದೆ. "ಎಡಕ್ಕ ಇಳಿಸಿದ್ರ ಗಾಲಿ ಹುಗದ ಬಿಡ್ತಾವಲೇ ಹುಚ್ಚಾ. ಇತ್ಲಾಗ ಬೇವಿನ ಗಿಡದ ಹತ್ರನ ನಿಲ್ಲಬೇಕು, ಗಟ್ಟಿ ನೆಲ ಐತಿ."

"ಹೌದೇನ್ರಿ? ಮತ್ತ ಮುಂದ?" ಎಂದ ಮಾರುತಿ, ಬಹಳ ವಿನಯದಿಂದ.

ಆ ವಿನಯಕ್ಕೆ ನಾನು ಕೆಟ್ಟೆ. ಚಹಾದ ಬಸಿಯಲ್ಲಿ ಬೆರಳದ್ದಿ ಟೇಬಲ್ ಮೇಲೆ ರಸ್ತೆ ಎಳೆದೆ. ಮೆಣಸಿನಕಾಯಿ ಭಜಿ ಅಡ್ಡ ಇಟ್ಟು ಕೃಷ್ಣೆಯ ಸೇತುವೆ ಮಾಡಿದೆ. ಕಾಗವಾಡದವರು ದ್ರಾಕ್ಷಿ ಪೆಟ್ಟಿಗೆ ಹೇರಲು ಎಷ್ಟು ಹೊತ್ತು ಮಾಡುತ್ತಾರೆ, ಯಾವ ತಿರುವಿನಲ್ಲಿ ಎಮ್ಮೆಗಳು ಮಲಗಿರುತ್ತವೆ, ಎಲ್ಲ ಹೇಳಿದೆ. ಮಿರಜ ಮುಟ್ಟಿಸಿದ ಮೇಲೆಯೇ ತಲೆಯೆತ್ತಿದ್ದು. ಮರುದಿನದಿಂದ ಆ ಬಸ್ಸು ಹೊತ್ತಿಗೆ ಸರಿಯಾಗಿ ಓಡಿತು. ಅದರ ಹಿಂದೆ ಇನ್ನೂ ನಾಲ್ಕು ಬಂದವು. ಬದಲಿಯವರನ್ನು ಕರೆಯುವುದು ನಿಂತಿತು. ಬಸಪ್ಪ ಖಾಕಿ ಕಳಚಿ ಅಂಕಲಿಗೆ ಹೋಗಿ ಕುರಿಗಳ ಬೆನ್ನು ಹತ್ತಿದ. ನನಗೆ ಮಾತ್ರ ಏನೂ ಆಗಲಿಲ್ಲ. ಮುಂದಿನ ಸಲವೂ ನಾನೇ ಕಾರ್ಯದರ್ಶಿ, ಹಾರ ಬೇರೆ ಹಾಕಿದರು.

ಪೈಲಟ್ಟರ ಸುದ್ದಿ ಓದಿದ ಮರುದಿನವೇ ಅಂಕಲಿಗೆ ಹೋದೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಡೋಣ ಎಂದು. ಬಸಪ್ಪ ಹಟ್ಟಿಯ ಮುಂದೆ ತಬ್ಬಲಿ ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ಕಂಬಳಿ ಹಾಸಿ ಕೂರಿಸಿದ. ನಾನು ತಪ್ಪು ಒಪ್ಪಿಕೊಂಡೆ. ಅದಕ್ಕೂ ಒಂದು ಉದ್ದನೆಯ ಪೀಠಿಕೆ ಹಾಕಿದೆ, ಚಟ ಎಲ್ಲಿ ಹೋದೀತು.

"ಗೊತ್ತೈತ್ರಿ ಅಣ್ಣಾರ," ಎಂದ. "ಮಾರುತಿನ ಹೇಳ್ಯಾನ. ಅದರದ್ದ ನನಗ ಬ್ಯಾಸರಿಲ್ಲ. ಬಸ್ಸಿನ್ಯಾಗ ಮಂದಿ ಇರ್ತಾರ, ಹಾದಿ ಹೇಳೋದು ಚಲೋ ಆತು."

ನನಗೆ ಹಗುರಾಯಿತು. ಅವನು ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟ.

"ಖರೆ ಎಂಟ ವರ್ಷ ನಾನೂ ಕೇಳಿದ್ನಿ, ಒಂದ ಸಲ ಮಿರಜ ರೂಟ್ ತೋರಸ್ರಿ ಅಂತ. ದೂರದ ರೂಟ್ ಗೊತ್ತಿದ್ರ ಡ್ಯೂಟಿ ಭಾಳ ಸಿಗ್ತಿತ್ತು, ಬಾಡಿಗಿ ಬಸ್ ಬರೂಕಿಂತ ಮದ್ಲ ಖಾಯಂ ಆಗ್ತಿದ್ನಿ. ನೀವು ನೋಡೂಣು, ನೋಡೂಣು ಅಂದ್ರಿ."

ಹೌದು, ಅಂದಿದ್ದೆ. ಅವನು ಕಲಿತರೆ ನನ್ನ ರೂಟು ಅವನ ಪಾಲಾದೀತೆಂದು ಅಂದಿದ್ದೆ. ಇಷ್ಟು ವರ್ಷ ನಾನು ಬೇರೆಯದೇ ತಪ್ಪಿಗೆ ನೊಂದುಕೊಂಡಿದ್ದೆ. ಕೊನೆಗೆ ಕೇಳಿದೆ, "ಈಗರೆ ಹೇಳ್ಲೇನೋ ಬಸಪ್ಪಾ?"

"ಹೇಳ್ರಿ," ಎಂದ. ನಗದೆ, ಹತ್ತಿರ ಸರಿದು ಕೂತ.

ಚಿಕ್ಕೋಡಿಯಿಂದ ಶುರು ಮಾಡಿದೆ. ಅಂಕಲಿ ಮುಟ್ಟಿದ ಮೇಲೆ ಅವನ ಕೈಯ ಹಾಲಿನ ಬಾಟಲಿ ಇಸಿದುಕೊಂಡು, ಕಂಬಳಿಯ ಮೇಲೆ ಅಡ್ಡ ಇಟ್ಟು ಕೃಷ್ಣೆಯ ಸೇತುವೆ ಮಾಡಿದೆ.