ಶಿಂಷೆಯ ಪಕ್ಕ, ನನ್ನ ಹಿಂದೆ

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ನನ್ನ ಪಕ್ಕದ ಪ್ರೆಸ್ ಮೆಷಿನ್ ಅವರದು. ವಯಸ್ಸಿನಲ್ಲಿ ಹಿರಿಯರು, ನಾನು ಅಣ್ಣ ಅನ್ನುತ್ತಿದ್ದೆ. ಎಲ್ಲಿಗೆ ಹೊರಟರೂ "ನೀನ್ ಮುಂದೆ ನಡಿ, ನಾನ್ ಬರ್ತೀನಿ" ಅನ್ನುವರು. ಅದು ಅವರ ಸೌಜನ್ಯ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಇಬ್ಬರೂ ಬೆಳಗ್ಗೆಯೇ ತುಮಕೂರು ಬಿಟ್ಟೆವು. ಗುಬ್ಬಿ ದಾಟಿ ಶಿಂಷಾ ಹೊಳೆಯ ಪಕ್ಕದಲ್ಲೇ ಸೈಕಲ್ ತುಳಿಯುತ್ತಾ ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಡ್ಯಾಮ್ ಮುಟ್ಟಬೇಕು ಅನ್ನುವುದು ಅವರದೇ ಆಸೆ. ಎಂದಿನಂತೆ ನಾನು ಮುಂದೆ, ಅವರು ಹಿಂದೆ.

ಮಧ್ಯಾಹ್ನ ಬಲಗಡೆಯಿಂದ ಒಂದು ಎಮ್ಮೆ ನಿಧಾನವಾಗಿ ರಸ್ತೆಗೆ ಬಂತು. ನಾನು ದಾಟಿಕೊಂಡೆ. ಅವರು ಬ್ರೇಕ್ ಕೂಡ ಹಿಡಿಯದೆ ಅದಕ್ಕೆ ಗುದ್ದಿ ಬಿದ್ದರು.

"ಅಷ್ಟ್ ದೊಡ್ಡ ಎಮ್ಮೆ ಕಾಣ್ಲಿಲ್ವಾ ಅಣ್ಣ?"

ಮೊಣಕೈಯ ಮಣ್ಣು ಒರೆಸಿಕೊಂಡು ಹೇಳಿದರು: "ಎದುರಿಗಿರೋದು ಬಿಟ್ರೆ ಅಕ್ಕಪಕ್ಕದ್ದೇನೂ ಕಾಣಲ್ಲ ಕಣೋ. ಉಳಿದಿರೋ ಈ ದೃಷ್ಟೀನೂ ಹೋಗುತ್ತೆ, ಔಷಧಿ ಇಲ್ಲ ಅಂದ್ರು ಡಾಕ್ಟ್ರು. ಅದ್ಕೇ ಹೊಳೆ ಒಂದ್ಸಲ ಪೂರ್ತಿ ನೋಡ್ಬಿಡೋಣ ಅಂತ ಬಂದೆ. ಫ್ಯಾಕ್ಟ್ರೀಲಿ ಹೇಳ್ಬೇಡ. ಕೆಲಸ ಹೋದ್ರೆ ಮನೇಲಿ ಏನ್ ತಿಂತಾರೆ?"

ಡ್ಯಾಮ್ ಏರಿಯ ಮೇಲೆ ನಿಂತು, ಎಡದಿಂದ ಬಲಕ್ಕೆ ನಿಧಾನವಾಗಿ ತಲೆ ತಿರುಗಿಸುತ್ತಾ, ಆ ನೀರನ್ನೆಲ್ಲ ತುಣುಕು ತುಣುಕಾಗಿ ನೋಡಿದರು. ತುಂಬಾ ಹೊತ್ತು ನೋಡಿದರು.

ನಾನು ಯಾರಿಗೂ ಹೇಳಲಿಲ್ಲ. ಆ ವರ್ಷದ ದೀಪಾವಳಿಗೆ ಮುಂಚೆ ಪ್ರೆಸ್ಸಿಗೆ ಸಿಕ್ಕಿ ಅವರ ಬಲಗೈಯ ನಾಲ್ಕು ಬೆರಳು ಹೋದವು.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತೆ. ಅವರಿಗೆ ಕಾಣಲಿಲ್ಲ. "ಅಣ್ಣ" ಅಂದ ಮೇಲೆ ತಿರುಗಿದರು.

"ಕೊನೇವರೆಗೂ ನೀನ್ ಯಾರ್ಗೂ ಹೇಳ್ಲಿಲ್ಲ" ಅಂದರು. "ನಿನ್ನ ಉಪಕಾರ ಮರೆಯಲ್ಲ ಕಣೋ."